ಮನೋರೋಗ ವಿಭಾಗದಲ್ಲಿ ಸಂಶೋಧನೆ ಮಾಡಿ ಮುಗಿಸಿದೆ: ಮುಂದೆ ಮಾಡುವವರಿಗೆ ಕೆಲವು ಮಾತು

ಕಳೆದ ವಾರ ನನ್ನ ಎಂಎಸ್ಸಿ ನರ್ಸಿಂಗ್ ಪ್ರಬಂಧದ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ ಆಸ್ಪತ್ರೆಯಲ್ಲಿ ಆಗುವ ಅನುಭವ ಎಂಥದ್ದು, ಆ ಚಿಕಿತ್ಸೆ ಎಲ್ಲರಿಗೂ ಒಂದೇ ಥರ ಸಿಗುತ್ತಿದೆಯಾ ಎನ್ನುವುದೇ ನನ್ನ ವಿಷಯ. ಇದಕ್ಕೆ ಯಾರ ಯಾರ ಅನುಮತಿ ಬೇಕು, ಎಷ್ಟು ಕಾಯಬೇಕು, ತುಳು ಮಾತ್ರ ಮಾತಾಡುವ ಅಜ್ಜಿಯ ಒಪ್ಪಿಗೆಯನ್ನು ಯಾವ ಭಾಷೆಯ ಕಾಗದದಲ್ಲಿ ತೆಗೆದುಕೊಳ್ಳಬೇಕು ಅಂತ ಬಿಡಿಸಿ ಹೇಳುವವರು ಶುರುವಿನಲ್ಲಿ ನನಗೆ ಯಾರೂ ಸಿಗಲಿಲ್ಲ. ಸೀನಿಯರ್‌ಗಳನ್ನು ಕೇಳಿದರೆ "ಎಥಿಕ್ಸ್ ಕ್ಲಿಯರೆನ್ಸ್ ಆಗ್ತದೆ, ಟೆನ್ಶನ್ ಮಾಡ್ಬೇಡ" ಅನ್ನುತ್ತಿದ್ದರು. ಆಯಿತು, ಆದರೆ ಅದಕ್ಕೇ, ಅಂದರೆ ಸಂಶೋಧನೆಯಿಂದ ಭಾಗವಹಿಸುವವರಿಗೆ ತೊಂದರೆ ಆಗದು ಅಂತ ಸಮಿತಿ ನೋಡಿ ಕೊಡುವ ಒಪ್ಪಿಗೆಗೇ, ತಿಂಗಳುಗಟ್ಟಲೆ ಹೋಯಿತು. ಮಂಗಳೂರು, ಉಡುಪಿ ಕಡೆ ನರ್ಸಿಂಗ್, ಎಂಎಸ್‌ಡಬ್ಲ್ಯು, ಸೈಕಾಲಜಿ ಓದುತ್ತಾ ಇಂಥ ವಿಷಯ ಹಿಡಿಯುವವರಿಗೆ ಸ್ವಲ್ಪವಾದರೂ ಸಲೀಸಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಓದಲು ಬರುವ ಮುಂಚೆ ನಾನು ಕೆಲವು ವರ್ಷ ಮನೋರೋಗ ವಿಭಾಗದ ಓಪಿಡಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ದಿನಾ ನೋಡುತ್ತಿದ್ದ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಡಾಕ್ಟರ ಎದುರಿನ ಕುರ್ಚಿಯಲ್ಲಿ ರೋಗಿ ಕೂತಿರುತ್ತಾರೆ. "ನಿದ್ರೆ ಬರ್ತದಾ? ಮಾತ್ರೆ ತಗೊಳ್ತಾರಾ?" ಎನ್ನುವ ಪ್ರಶ್ನೆ ಮಾತ್ರ ಪಕ್ಕದಲ್ಲಿ ನಿಂತ ಗಂಡನಿಗೋ, ಅಣ್ಣನಿಗೋ ಹೋಗುತ್ತದೆ. ಉತ್ತರವೂ ಅಲ್ಲಿಂದಲೇ ಬರುತ್ತದೆ. ಹೊರಗೆ ಅಷ್ಟುದ್ದ ಕ್ಯೂ ಇರುವಾಗ ಡಾಕ್ಟರನ್ನು ದೂರಿ ಪ್ರಯೋಜನ ಇಲ್ಲ. ಆದರೆ ಕುರ್ಚಿಯಲ್ಲಿ ಕೂತವರಿಗೆ ಏನನ್ನಿಸುತ್ತದೆ ಎಂದು ತಿಳಿಯಬೇಕು ಅಂತ ನನಗೆ ಬಹಳ ಇತ್ತು.

ಗೈಡ್ ಮೇಡಂ ಮೊದಲು ಹೇಳಿದ್ದು ಪ್ರಶ್ನಾವಳಿ ಸಾಕು ಅಂತ. ರೋಗಿಗಳ ತೃಪ್ತಿ ಅಳೆಯಲು ಜಗತ್ತಿನಾದ್ಯಂತ ಬಳಸುವ ಸಿಎಸ್‌ಕ್ಯೂ-8 ಎಂಬ ಪ್ರಶ್ನಾವಳಿ ಉಂಟು. ಅದರಲ್ಲಿ 8 ಪ್ರಶ್ನೆ, ಪ್ರತಿಯೊಂದಕ್ಕೂ 4 ಆಯ್ಕೆ. ಒಟ್ಟು ಅಂಕ 8ರಿಂದ 32ರ ಒಳಗೆ ಬರುತ್ತದೆ. ಒಂದು ವಿಷಯ ಮೊದಲೇ ತಿಳಿದಿರಲಿ: ಇದು ಪುಕ್ಕಟೆ ಅಲ್ಲ. ಹಕ್ಕು ಇರುವವರಿಗೆ ಬರೆದು, ದುಡ್ಡು ಕಟ್ಟಿ ಅನುಮತಿ ಪಡೆಯಬೇಕು. ಅಳೆಯುವ ಇಂಥ ಪ್ರಶ್ನಾವಳಿ ಯಾವುದೇ ಇರಲಿ, ಸಿನಾಪ್ಸಿಸ್ (ಸಂಶೋಧನೆಯ ಆರಂಭದ ರೂಪರೇಖೆ) ಬರೆಯುವ ಮೊದಲೇ ಅನುಮತಿಯ ಪತ್ರ ಕೈಯಲ್ಲಿರಲಿ.

ಪೈಲಟ್‌ಗೆ, ಅಂದರೆ ಮೊದಲು ಸಣ್ಣದಾಗಿ ಪರೀಕ್ಷಿಸಿ ನೋಡಲು, ಕೆಲವರಿಂದ ಅದನ್ನು ತುಂಬಿಸಿದೆವು. ಹೆಚ್ಚುಕಡಿಮೆ ಎಲ್ಲರೂ ಪೂರ್ತಿ ಅಂಕದ ಹತ್ತಿರ ಕೊಟ್ಟರು. "ಎಲ್ಲ ಒಳ್ಳೇದುಂಟು ಸಿಸ್ಟರ್, ನೀವೇ ಹಾಕಿ" ಅಂತ ಪೆನ್ನನ್ನು ವಾಪಸು ಕೊಟ್ಟವರೂ ಇದ್ದರು. ಮುಂದಿನ ತಿಂಗಳು ಅದೇ ಕಿಟಕಿಯಲ್ಲಿ ಮಾತ್ರೆಗೆ ಕೈ ಚಾಚಬೇಕಾದವರು, ಅದೇ ಕಾರಿಡಾರಿನಲ್ಲಿ, ಬಿಳಿ ಕೋಟು ಹಾಕಿದವಳ ಎದುರು ಬೇರೆ ಏನು ಹೇಳಿಯಾರು? ತೃಪ್ತಿಯ ಅಂಕ ಹೀಗೆ ಮೇಲೇ ನಿಂತುಬಿಡುವುದು ಬೇರೆ ದೇಶಗಳಲ್ಲೂ ಇರುವ ತೊಂದರೆಯೇ. ಮೇಡಂ ಆ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಇದರಿಂದ ಎಂತ ಗೊತ್ತಾಗುವುದಿಲ್ಲ. ನೀನು ಕೂತು ಮಾತಾಡು" ಅಂದರು. ಅಲ್ಲಿಗೆ ಅಧ್ಯಯನ ಸಂದರ್ಶನದ ಕಡೆ ತಿರುಗಿತು. ಯೂನಿಫಾರ್ಮ್ ಇಲ್ಲದೆ, ಆಸ್ಪತ್ರೆಯ ಹೊರಗೆ, ಅವರು ಹೇಳಿದ ಜಾಗದಲ್ಲಿ, ಅವರ ಭಾಷೆಯಲ್ಲಿ ಮಾತಾಡುವುದು ಅಂತ ತೀರ್ಮಾನವಾಯಿತು.

ಹಿನ್ನೆಲೆ ಅಧ್ಯಾಯಕ್ಕೆ ಹೆಚ್ಚು ಕಷ್ಟ ಇಲ್ಲ. ತಾಲೂಕು ಮಟ್ಟಕ್ಕೆ ಮಾನಸಿಕ ಚಿಕಿತ್ಸೆ ಒಯ್ಯಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿಯಲ್ಲೇ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಹೆಚ್ಚಿನ ಕಾಯಿಲೆಗಳಲ್ಲಿ ಶೇ. 70ಕ್ಕಿಂತ ಜಾಸ್ತಿ. ಈ ಅಂಕಿಗಳನ್ನು ಬಳಸುವಾಗ ಒಂದು ಎಚ್ಚರ ಇರಲಿ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ಕೋಲಾರದಲ್ಲಿ ನಡೆದದ್ದು ಪೈಲಟ್ ಮಾತ್ರ. ಪರೀಕ್ಷಕರು ನನಗೆ ಕೇಳಿದ ಮೊದಲ ಪ್ರಶ್ನೆ ಇದೇ.

ಇನ್ನು ಆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ. ಪ್ರೊಟೋಕಾಲ್ (ಸಂಶೋಧನೆ ಹೇಗೆ ಮಾಡುತ್ತೇವೆ ಎಂಬ ಪೂರ್ತಿ ಯೋಜನೆ), ಸಂದರ್ಶನದ ಪ್ರಶ್ನೆಗಳು, ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಗೈಡ್‌ನ ಸಹಿ, ಆಸ್ಪತ್ರೆಯ ಪತ್ರ, ಖರ್ಚಿನ ಅಂದಾಜು, ಎಲ್ಲರ ಬಯೋಡೇಟಾ, ಹೀಗೆ ಒಂದು ದಪ್ಪ ಫೈಲು ಆಗುತ್ತದೆ. ಎಷ್ಟು ಪ್ರತಿ ಬೇಕು ಅಂತ ಮೊದಲೇ ಕೇಳಿಕೊಳ್ಳಿ, ಜೆರಾಕ್ಸಿಗೇ ಸಾವಿರದ ಮೇಲೆ ಹೋಗುತ್ತದೆ. ಕಮಿಟಿ ಬೇಕೆಂದಾಗ ಸೇರುವುದಿಲ್ಲ. ಒಂದು ಸಭೆಯ ಕೊನೆಯ ದಿನಾಂಕ ತಪ್ಪಿದರೆ ಮುಂದಿನದ್ದಕ್ಕೆ ಕಾಯಬೇಕು. ಪ್ರಶ್ನೆ ಕೇಳಿ ವಾಪಸು ಕಳಿಸಿದರೆ ಇನ್ನೊಂದು ಸಭೆ. ಮಾನಸಿಕ ಕಾಯಿಲೆ ಇರುವವರನ್ನು ವಿಶೇಷ ರಕ್ಷಣೆ ಬೇಕಾದವರು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಪರಿಗಣಿಸುವುದರಿಂದ ನನ್ನ ಅರ್ಜಿ ಪೂರ್ತಿ ಕಮಿಟಿಯ ಮುಂದೆಯೇ ಹೋಯಿತು. ಬರೀ ಮಾತಾಡುವುದು ತಾನೇ, ಬೇಗ ಮುಗಿಯುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ.

ಕಮಿಟಿಯ ಮೊದಲ ಪ್ರಶ್ನೆ ನಾನು ಎಣಿಸಿದ್ದೇ ಆಗಿತ್ತು. "ಇವರು ಒಪ್ಪಿಗೆ ಕೊಡಲು ಶಕ್ತರಾ? ಮನೆಯವರ ಸಹಿ ತೆಗೆದುಕೊಂಡರೆ ಸಾಲದಾ?" ಇಲ್ಲಿ ನಮ್ಮ ಕೈ ಹಿಡಿಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದು ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಮಾಹಿತಿ ಅರ್ಥವಾಗಿ, ತೀರ್ಮಾನದ ಪರಿಣಾಮ ತಿಳಿದು, ಅದನ್ನು ಮಾತಿನಲ್ಲೋ ಸನ್ನೆಯಲ್ಲೋ ಹೇಳಬಲ್ಲವರು ತಮ್ಮ ಚಿಕಿತ್ಸೆಯ ವಿಷಯದಲ್ಲಿ ತಾವೇ ತೀರ್ಮಾನಿಸಲು ಶಕ್ತರು ಅಂತ 4ನೇ ಸೆಕ್ಷನ್ ಹೇಳುತ್ತದೆ. ಕಾಯಿಲೆಯ ಹೆಸರು ನೋಡಿ ಆಗುವುದಿಲ್ಲ ಅನ್ನುವ ಹಾಗಿಲ್ಲ. ಸಂಶೋಧನೆಗೆಂದೇ 99ನೇ ಸೆಕ್ಷನ್ ಉಂಟು. ಸಂದರ್ಶನ ಮಾಡುವುದಾದರೂ ಆ ವ್ಯಕ್ತಿಯದ್ದೇ ಒಪ್ಪಿಗೆ ಬೇಕು, ಅವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಈ ಎರಡು ಸೆಕ್ಷನ್‌ಗಳ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿ, ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಕಮಿಟಿಯಲ್ಲಿ ವೈದ್ಯರ ಜೊತೆ ಕಾನೂನು ತಿಳಿದವರು, ಜನಸಾಮಾನ್ಯರ ಪರವಾಗಿ ಒಬ್ಬರು ಇರಲೇಬೇಕು. ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಬಂದದ್ದು ಆ ಜನಸಾಮಾನ್ಯರ ಪ್ರತಿನಿಧಿಯಿಂದ. ವಯಸ್ಸಾದ ಹೆಂಗಸು, ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು, "ನೀನು ಮನೆಗೆ ಹೋಗ್ತೀಯಲ್ಲ ಮಗಾ, ಕಾಯಿಲೆ ಉಂಟು ಅಂತ ನೆರೆಯವರಿಗೆ ಗೊತ್ತಿಲ್ಲದಿದ್ದರೆ ಯಾರು ಅಂತ ಹೇಳಿ ಒಳಗೆ ಹೋಗುವುದು?" ಅಂದರು. ನನ್ನ ಪ್ರೊಟೋಕಾಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಒಂದು ಪ್ಯಾರಾ ಸೇರಿಸಿದೆವು: ಜಾಗ, ಸಮಯ, ನನ್ನ ಪರಿಚಯವನ್ನು ಹೇಗೆ ಹೇಳಬೇಕು, ಎಲ್ಲವನ್ನೂ ಭಾಗವಹಿಸುವವರೇ ಫೋನಿನಲ್ಲಿ ತಿಳಿಸುವುದು. ಆಸ್ಪತ್ರೆಯ ಐಡಿ ಕಾರ್ಡು ಬ್ಯಾಗಿನ ಒಳಗೇ ಇರುವುದು.

ಮಾತಾಡುತ್ತಾ ಯಾರಾದರೂ ಕುಗ್ಗಿಹೋದರೆ ಏನು ಮಾಡುತ್ತೀರಿ ಎಂಬುದಕ್ಕೂ ಬರೆದೇ ಉತ್ತರ ಕೊಡಬೇಕು. ರೆಕಾರ್ಡರ್ ನಿಲ್ಲಿಸುವುದು, ಬೇಕಿದ್ದರೆ ಅದೇ ದಿನ ಮನೋವೈದ್ಯರನ್ನು ಕಾಣಿಸಲು ಮೊದಲೇ ಮಾತಾಡಿಟ್ಟ ವ್ಯವಸ್ಥೆ, ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು. ಪ್ರಾಣಕ್ಕೆ ಅಪಾಯ ಉಂಟು ಅಂತ ಗೊತ್ತಾದರೆ ಮಾತ್ರ ಗುಟ್ಟು ಉಳಿಸಿಕೊಳ್ಳಲಾಗುವುದಿಲ್ಲ ಎನ್ನುವುದನ್ನು ಮಾಹಿತಿ ಪತ್ರದಲ್ಲೇ ಸ್ಪಷ್ಟವಾಗಿ ಹಾಕಿ. ಮುಂದೆ ಒಬ್ಬರ ಜೊತೆ ಮಾತಾಡುವಾಗ ಇದರ ಅಗತ್ಯ ಬಿತ್ತು. ಮೊದಲೇ ಹೇಳಿದ್ದರಿಂದ "ನಾನು ಡಾಕ್ಟರಿಗೆ ತಿಳಿಸಬೇಕಾಗ್ತದೆ" ಅಂದಾಗ ಅವರು ತಲೆ ಆಡಿಸಿದರು. ಸಂಜೆಯೇ ಇಬ್ಬರೂ ಹೋಗಿ ಡಾಕ್ಟರನ್ನು ಕಂಡೆವು.

ಹೆಚ್ಚು ಸಮಯ ತಿಂದದ್ದು ಭಾಷೆ. ನಮ್ಮ ಓಪಿಡಿಗೆ ಬರುವವರಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ ಆದವರೇ ಜಾಸ್ತಿ. ಕಾಸರಗೋಡಿನ ಕಡೆಯಿಂದ ಮಲಯಾಳ ಮಾತಾಡುವವರೂ ಬರುತ್ತಾರೆ. ಅಲ್ಲಿಯವರೆಗೆ ಇದ್ದ ಫಾರ್ಮುಗಳು ಕನ್ನಡ, ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಓದಲು ಬರುವವರೂ ಮನಸ್ಸಿನ ನೋವು ಹೇಳುವಾಗ ಮನೆಮಾತಿಗೇ ಹೋಗುತ್ತಾರೆ. ಹಾಗಾಗಿ ತುಳು, ಬ್ಯಾರಿ ಎರಡರಲ್ಲೂ ಕನ್ನಡ ಲಿಪಿಯಲ್ಲೇ ಪತ್ರ ಮಾಡಿಸಿದೆ. ಒಬ್ಬರು ಅನುವಾದಿಸಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು, ಎರಡೂ ಹೊಂದುತ್ತವೆಯೇ ಅಂತ ನೋಡಬೇಕು, ಇಬ್ಬರ ಸರ್ಟಿಫಿಕೇಟೂ ಬೇಕು. ಮಾಡಿಕೊಡುವವರನ್ನು ಹುಡುಕುವುದೇ ದೊಡ್ಡ ಕೆಲಸ. ಎರಡು ಭಾಷೆಗೆ ಸೇರಿ ಸುಮಾರು 6,000 ರೂಪಾಯಿ ಆಯಿತು. ಓದಲು ಬಾರದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಸಹಿ ಪಡೆಯಬೇಕು. ಆ ಸಾಕ್ಷಿಗೆ ಕಾಯಿಲೆಯ ವಿಷಯ ತಿಳಿಯಬಹುದಾ ಅಂತ ಮೊದಲು ಅವರನ್ನೇ ಕೇಳಿ. ಆಶಾ ಕಾರ್ಯಕರ್ತೆಯೇ ಬೇಡ, ಅವರು ನಮ್ಮ ಓಣಿಯವರು ಅಂದವರಿದ್ದಾರೆ.

ಆಸ್ಪತ್ರೆಯ ಅನುಮತಿ ಬೇರೆ. ಮೊದಲು ಹೋದ ಕಡೆ ಆಡಳಿತದವರು ನನ್ನ ಪ್ರಬಂಧದ ಶೀರ್ಷಿಕೆಯಲ್ಲಿದ್ದ "ನ್ಯಾಯ" ಎಂಬ ಶಬ್ದ ಕಂಡದ್ದೇ, "ದೂರು ಒಟ್ಟು ಮಾಡ್ಲಿಕ್ಕೆ ಬಂದದ್ದಾ?" ಅಂದರು. ನನಗೆ ಬಹಳ ಬೇಜಾರಾಯಿತು, ಮನೆಗೆ ಬಂದು ಅತ್ತದ್ದೂ ಉಂಟು. ಎರಡನೇ ಕಡೆ ವಿಭಾಗದ ಮುಖ್ಯಸ್ಥರು ಖುಷಿಯಿಂದ ಒಪ್ಪಿದರು, ಆದರೆ ಪತ್ರ ಎರಡು ಕಚೇರಿಗಳ ನಡುವೆ ಎಲ್ಲೋ ಕಾಣೆಯಾಯಿತು. ಇನ್‌ವರ್ಡ್ ಸೀಲು (ಪತ್ರ ತಲುಪಿದೆ ಎಂಬ ಮೊಹರು) ಹಾಕಿದ ಪ್ರತಿ ನನ್ನ ಹತ್ತಿರ ಇದ್ದುದರಿಂದ ಮತ್ತೆ ಮೊದಲಿಂದ ಶುರು ಮಾಡಬೇಕಾಗಲಿಲ್ಲ. ಕೊಡುವ ಪ್ರತಿಯೊಂದು ಪತ್ರಕ್ಕೂ ಸೀಲು ಹಾಕಿಸಿಕೊಳ್ಳಿ.

ಇನ್ನು ಯಾರನ್ನು ಮಾತಾಡಿಸುವುದು? ಓಪಿಡಿಗೆ ಬರುವವರನ್ನಷ್ಟೇ ಕೇಳಿದರೆ ಬರಲು ಸಾಧ್ಯವಾದವರ ಕಥೆ ಮಾತ್ರ ಸಿಗುತ್ತದೆ. ನಡುವೆ ಬಿಟ್ಟುಹೋದವರನ್ನು ಕೇಳಬೇಕು. ಅದಕ್ಕೆ ಕಮಿಟಿಯ ಒಪ್ಪಿಗೆ ಪಡೆದು, ಮೊದಲ ಫೋನನ್ನು ಅವರಿಗೆ ಪರಿಚಯವಿದ್ದ ವಿಭಾಗದ ಸಿಸ್ಟರ್‌ನಿಂದಲೇ ಮಾಡಿಸಿದೆವು. ಒಪ್ಪಿದವರ ನಂಬರು ಮಾತ್ರ ನನಗೆ ಬಂತು.

ಬಿಟ್ಟುಹೋದವರು ಹೇಳಿದ ಕಾರಣಗಳಲ್ಲಿ ಬಸ್ಸು ದೊಡ್ಡದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಒಳಗಿನ ಹಳ್ಳಿಯಿಂದ ಬಂಟ್ವಾಳದ ಬಿ.ಸಿ. ರೋಡಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಇನ್ನೊಂದು, ಹೆಂಗಸರನ್ನು ಒಬ್ಬರೇ ಕಳಿಸುವುದಿಲ್ಲ ಅಂತ ಜೊತೆಗೊಬ್ಬರು. ಮಾತ್ರೆ ಪುಕ್ಕಟೆ ಸಿಕ್ಕಿದರೂ ಅದನ್ನು ತರುವ ಖರ್ಚು ಪುಕ್ಕಟೆ ಆಗುವುದಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ ಎನ್ನುವುದು ನಾನು ಮಾತಾಡಿಸಿದ ಕೆಲವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದ ಒಬ್ಬರು, "ಅಲ್ಲಿ ಎಲ್ಲರೂ ಗುರ್ತದವರು. ಮಂಗಳೂರಾದರೆ ಯಾರಿಗೂ ಗೊತ್ತಾಗುವುದಿಲ್ಲ" ಅಂತ ದುಡ್ಡು ಖರ್ಚಾದರೂ ದೂರವೇ ಹೋಗುತ್ತಿದ್ದರು. ಹತ್ತಿರ ತಂದುಕೊಟ್ಟರೆ ಎಲ್ಲ ಸರಿಯಾಗುತ್ತದೆ ಅಂತ ನಾನೂ ಸಿನಾಪ್ಸಿಸ್ಸಿನಲ್ಲಿ ಬರೆದಿದ್ದೆ. ಹಾಗೆ ಸುಲಭದಲ್ಲಿ ಹೇಳಲು ಬರುವುದಿಲ್ಲ.

ಒಂದು ಸಂದರ್ಶನ ಹೇಳುತ್ತೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬೀಡಿ ಕಟ್ಟುವ ಹೆಂಗಸು. ಜಗಲಿಯಲ್ಲಿ ಕಾಲು ನೀಡಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತಿದ್ದರು. ಒಳಗಿಂದ ಅತ್ತೆಯ ಓಡಾಟ ಕೇಳುತ್ತಿತ್ತು. ನಾನು ಏನು ಕೇಳಿದರೂ "ಮಾತ ಎಡ್ಡೆ ಉಂಡು", ಎಲ್ಲ ಚೆನ್ನಾಗಿದೆ, ಅಷ್ಟೇ. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕುವುದು, ಸುರುಳಿ ಸುತ್ತಿ ತುದಿ ಮಡಚುವುದು, ಹಲ್ಲಿಗೆ ಸಿಕ್ಕಿಸಿದ ನೂಲಿನಿಂದ ಬಿಗಿದು ತುಂಡು ಮಾಡುವುದು. ಅತ್ತೆ ದನಕ್ಕೆ ಹುಲ್ಲು ಹಾಕಲು ಹಿತ್ತಲಿಗೆ ಹೋದರು. ಕತ್ತರಿ ಕೆಳಗಿಟ್ಟು ಅವರೇ ಶುರು ಮಾಡಿದರು. ಮಾತ್ರೆ ತಗೊಂಡರೆ ಬೆರಳು ನಡುಗುತ್ತದೆ, ದಿನಕ್ಕೆ ಕಟ್ಟುವ ಬೀಡಿ ಅರ್ಧಕ್ಕೆ ಇಳಿದಿದೆ, ಸಾವಿರ ಬೀಡಿಗೆ ಇಂತಿಷ್ಟು ಅಂತ ಸಿಗುವ ಸಂಬಳವೂ ಇಳಿದಿದೆ. ಡಾಕ್ಟರಿಗೆ ಹೇಳಿದಿರಾ ಅಂದೆ. "ಅವರು ಕೇಳುವುದು ನನ್ನ ಗಂಡನ ಹತ್ತಿರ. ಗಂಡ ಹೇಳುವುದು ಈಗ ಜಗಳ ಮಾಡುವುದಿಲ್ಲ, ಪರವಾಗಿಲ್ಲ ಅಂತ." ಫೈಲಿನಲ್ಲಿ ಅವರ ಹೆಸರಿನ ಮುಂದೆ "ಸುಧಾರಿಸಿದ್ದಾರೆ" ಅಂತ ಬರೆದಿತ್ತು. ಗಂಡನ ಮಾತೂ ಸುಳ್ಳಲ್ಲ, ಡಾಕ್ಟರು ಬರೆದದ್ದೂ ಸುಳ್ಳಲ್ಲ. ಅವರ ಬೆರಳಿನ ಸಂಗತಿ ಮಾತ್ರ ಎಲ್ಲೂ ಬರಲಿಲ್ಲ. ಆ ದಿನ ಬಸ್ಸಿನಲ್ಲಿ ಬರುವಾಗ ನನಗೆ ಸಿಟ್ಟು, ದುಃಖ ಎರಡೂ ಬಂತು. ಇಡೀ ಪ್ರಬಂಧದಲ್ಲಿ ನಾನು ಹೇಳಬೇಕಿದ್ದದ್ದು ಇದನ್ನೇ: ರೋಗಿಯನ್ನು ಒಬ್ಬರನ್ನೇ ಕೂರಿಸಿ, ಅವರ ಭಾಷೆಯಲ್ಲಿ ಐದು ನಿಮಿಷ ಕೇಳದಿದ್ದರೆ, ಚಿಕಿತ್ಸೆ ಹೇಗಿದೆ ಎಂದು ಬರೆದಿಟ್ಟದ್ದೆಲ್ಲ ಜೊತೆಗೆ ಬಂದವರ ಅಭಿಪ್ರಾಯ ಮಾತ್ರ. (ಬೆರಳು ನಡುಗುವ ವಿಷಯವನ್ನು ಅವರ ಒಪ್ಪಿಗೆ ಪಡೆದು ಡಾಕ್ಟರಿಗೆ ತಿಳಿಸಿದೆ. ಮಾತ್ರೆಯ ಪ್ರಮಾಣ ಬದಲಿಸಿದರು.)

ಹಕ್ಕುಗಳ ಬಗ್ಗೆಯೂ ಎಲ್ಲರನ್ನೂ ಕೇಳಿದ್ದೆ. ತಮ್ಮ ಪರವಾಗಿ ಯಾರು ತೀರ್ಮಾನ ತೆಗೆದುಕೊಳ್ಳಬೇಕು ಅಂತ ಮೊದಲೇ ಬರೆದುಕೊಟ್ಟು ಒಬ್ಬರನ್ನು ನೇಮಿಸಬಹುದು, ತಮ್ಮ ದಾಖಲೆ ಕೇಳಿ ಪಡೆಯಬಹುದು, ವಿಮೆಯಲ್ಲಿ ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ಸೌಲಭ್ಯ ಕೊಡಬೇಕು, ಇವೆಲ್ಲ ಅದೇ ಕಾಯ್ದೆಯಲ್ಲಿ ಉಂಟು. ನಾನು ಮಾತಾಡಿಸಿದವರಲ್ಲಿ ಇದನ್ನು ಕೇಳಿದ್ದವರು ತೀರಾ ಕಡಿಮೆ. ದಾಖಲೆ ಕೇಳಿದ್ದ ಒಬ್ಬ ಯುವಕನಿಗೆ "ಮನೆಯವರನ್ನು ಕರ್ಕೊಂಡು ಬಾ" ಅನ್ನುವ ಉತ್ತರ ಸಿಕ್ಕಿತ್ತಂತೆ.

ಮಳೆಗಾಲದ ಲೆಕ್ಕ ಹಾಕಿ. ಜೂನ್, ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ ಸಂದರ್ಶನಗಳಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಕಾಲರ್‌ಗೆ ಸಿಕ್ಕಿಸುವ ಸಣ್ಣ ಮೈಕು ತಂದ ಮೇಲೆ ಪರವಾಗಿಲ್ಲ ಅನ್ನಿಸಿತು. ಮಾತು ಮುಗಿದ ಕೂಡಲೇ ಬಸ್ ಸ್ಟಾಪಿನಲ್ಲೇ ಕೂತು ನೆನಪಿರುವಷ್ಟು ಬರೆದಿಡುವ ಅಭ್ಯಾಸ ನನ್ನನ್ನು ಬಹಳ ಸಲ ಉಳಿಸಿತು. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಒಂದು ಇಡೀ ದಿನ ಬೇಕು. ನಾನು ಬಳಸಿದ ಸಾಫ್ಟ್‌ವೇರಿಗೆ ತುಳು ಗೊತ್ತಿರಲಿಲ್ಲ, ಎಲ್ಲವನ್ನೂ ಕೇಳಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತರಬೇಕಾಯಿತು. ಅದೇ ನೋವಿನ ಮಾತುಗಳನ್ನು ರಾತ್ರಿ ಇಯರ್‌ಫೋನ್ ಹಾಕಿ ಮತ್ತೆ ಮತ್ತೆ ಕೇಳುವುದು ಸುಲಭ ಅಲ್ಲ. ಕೆಲವು ವಾರ ನನಗೂ ನಿದ್ರೆ ಸರಿ ಇರಲಿಲ್ಲ. ಮೇಡಂ ಹತ್ತಿರ ಹೇಳಿಕೊಂಡೆ. ದಿನಕ್ಕೆ ಇಂತಿಷ್ಟೇ, ಊಟದ ನಂತರ ಇಲ್ಲ ಅಂತ ನಿಯಮ ಮಾಡಿಕೊಟ್ಟರು. ನೀವೂ ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಭಾಗವಹಿಸಿದವರಿಗೆ ಬಸ್ಸಿನ ಖರ್ಚು, ಬಿಟ್ಟ ಕೆಲಸದ ಕೂಲಿ ಕೊಡಲು ಮಾರ್ಗಸೂಚಿಯಲ್ಲಿ ಅವಕಾಶ ಉಂಟು. ಮೊತ್ತವನ್ನು ಕಮಿಟಿ ಒಪ್ಪಬೇಕು ಅಷ್ಟೇ. ನಾನು ಒಬ್ಬೊಬ್ಬರಿಗೆ 300 ರೂಪಾಯಿ ಇಟ್ಟಿದ್ದೆ. ಅನುವಾದ, ಎಥಿಕ್ಸ್ ಶುಲ್ಕ, ಓಡಾಟ, ಪ್ರಿಂಟ್, ಬೈಂಡಿಂಗ್ ಎಲ್ಲ ಸೇರಿ 30,000ದ ಹತ್ತಿರ ಕೈಯಿಂದ ಹೋಯಿತು.

ವೈವಾ ಆದರೂ ಕೆಲಸ ಪೂರ್ತಿ ಮುಗಿದಿಲ್ಲ. ಏನು ಗೊತ್ತಾಯಿತು ಎಂದು ತಿಳಿಯುವ ಹಕ್ಕು ಮಾತು ಕೊಟ್ಟವರಿಗೆ ಎಲ್ಲರಿಗಿಂತ ಮೊದಲು ಇರಬೇಕು, ಅಲ್ವಾ? ಒಂದು ಪುಟದ ಸಾರಾಂಶ ಕನ್ನಡದಲ್ಲಿ ಮಾಡಿದ್ದೇನೆ. ಆದರೆ ಅಂಚೆಯಲ್ಲಿ ಕಳಿಸಿದರೆ ಮನೆಯಲ್ಲಿ ಬೇರೆಯವರು ಒಡೆದು ಓದಬಹುದು, ವಾಟ್ಸಾಪಿಗೆ ಹಾಕಿದರೆ ಆ ಫೋನು ಮಗನ ಕೈಯಲ್ಲಿರಬಹುದು. ಅದಕ್ಕೆ ಒಬ್ಬೊಬ್ಬರಿಗೂ ಅವರು ಹೇಳಿದ ಹೊತ್ತಿಗೆ ಫೋನು ಮಾಡಿ, ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳುತ್ತಿದ್ದೇನೆ. ಬ್ಯಾರಿಗೆ ಗೆಳತಿಯೊಬ್ಬಳು ಜೊತೆಗಿರುತ್ತಾಳೆ, ಅವಳ ಹೆಸರನ್ನೂ ಕಮಿಟಿಯಲ್ಲಿ ಮೊದಲೇ ಸೇರಿಸಿ ಒಪ್ಪಿಗೆ ಪಡೆದಿದ್ದೆವು. ಬೇಡ ಅಂದವರಿಗೆ ಮಾಡುವುದಿಲ್ಲ. ಇನ್ನೂ ಕೆಲವರು ಬಾಕಿ ಇದ್ದಾರೆ. ನೀವು ಪ್ರೊಟೋಕಾಲ್ ಬರೆಯುವಾಗ ಈ ಕೊನೆಯ ಹಂತಕ್ಕೆ ಒಂದು ತಿಂಗಳು ತೆಗೆದಿಡಿ. ಒಪ್ಪಿಗೆ ಪತ್ರದಲ್ಲೇ "ಫಲಿತಾಂಶ ತಿಳಿಸಬೇಕೇ? ಹೇಗೆ, ಯಾವ ಹೊತ್ತಿಗೆ?" ಅಂತ ಒಂದು ಸಾಲು ಸೇರಿಸಿ.